ಸಿನಿಮಾದ ಹೆಣಗಳು ಮತ್ತು ನಾನು

ಸಿನಿಮಾ ನೋಡಿದವರೆಲ್ಲ ಅಭಿಪ್ರಾಯ ಹೇಳಲೇಬೇಕೆಂಬ ಕಾನೂನೇನೂ ಇಲ್ಲ. ಆದರೆ ನಾನು ಹೇಳುತ್ತೇನೆ, ಯಾರೂ ಕೇಳದಿದ್ದರೂ ಹೇಳುತ್ತೇನೆ. ಇದಕ್ಕೆ ನನ್ನ ಕಸುಬೇ ಕಾರಣವಿರಬೇಕು. ನೀಲಗಿರಿಯ ಕೋತಗಿರಿ ಹತ್ತಿರದ ಒಂದು ಟೀ ಫ್ಯಾಕ್ಟರಿಯಲ್ಲಿ ರುಚಿ ನೋಡುವುದು ನನ್ನ ಕೆಲಸ. ಸಾಲಾಗಿ ಇಟ್ಟ ಬಟ್ಟಲುಗಳಿಂದ ಒಂದೊಂದು ಚಮಚ ಟೀ ಸೊರ್ರೆಂದು ಹೀರುವುದು, ನಾಲಗೆಯ ಮೇಲೆ ಹೊರಳಿಸುವುದು, ಪಕ್ಕದ ಡಬ್ಬಿಗೆ ಉಗಿಯುವುದು, ಆಮೇಲೆ ಹೊಗೆ ವಾಸನೆ ಎಂದೋ ಎಲೆ ಬಾಡಿದ್ದು ಸಾಲದು ಎಂದೋ ತಪ್ಪು ಹೇಳುವುದು. ಇಷ್ಟು ವರ್ಷ ಉಗಿದು ಉಗಿದು ಈಗ ಸಿನಿಮಾವನ್ನೂ ಹಾಗೆಯೇ ನೋಡುವ ಚಟ ಹತ್ತಿದೆ. ಮೈಸೂರಿನಲ್ಲಿ ಓದುವಾಗ ಕನ್ನಡ, ಊರಿಗೆ ಬಂದಮೇಲೆ ತಮಿಳು, ಗೂಡಲೂರಿನ ನೆಂಟರ ಮನೆಗೆ ಹೋದಾಗ ಮಲಯಾಳ, ಹೀಗೆ ಯಾವ ಭಾಷೆಗೂ ನಾನು ಭೇದ ಮಾಡಿದವನಲ್ಲ.

ನಮ್ಮ ಗುಡ್ಡಗಳಲ್ಲಿ ತೆಗೆದ ಹಾಡುಗಳನ್ನೇ ತೆಗೆದುಕೊಳ್ಳಿ. ನಾಯಕ ನಾಯಕಿ ಕೈಕೈ ಹಿಡಿದು ಟೀ ತೋಟದ ನಡುವೆ ಓಡಿಬರುತ್ತಾರೆ. ಜನ ಶಿಳ್ಳೆ ಹೊಡೆಯುತ್ತಾರೆ. ನನಗೆ ಮಾತ್ರ ಇವನ ಬೂಟಿನಡಿ ಹೋದ ಚಿಗುರೇ ಕಾಣುತ್ತದೆ. ಹಿಮ ಬೀಳುವ ಬೆಳಗಿನಲ್ಲಿ ಅವಳು ಉಟ್ಟ ತೆಳು ಸೀರೆ ನೋಡಿ ನಾನು ಕುಳಿತಲ್ಲೇ ಶಾಲು ಬಿಗಿ ಮಾಡಿಕೊಳ್ಳುತ್ತೇನೆ. ಘಾಟ್ ರಸ್ತೆಯ ತಿರುವಿನಿಂದ ಉರುಳಿದ ಜೀಪು ನೆಲ ಮುಟ್ಟುವ ಮೊದಲೇ ಹೊತ್ತಿಕೊಳ್ಳುತ್ತದೆ. ಕಾಡಾನೆ ನಾಯಕನನ್ನು ಗುರುತು ಹಿಡಿದು ಸೊಂಡಿಲೆತ್ತಿ ನಮಸ್ಕಾರ ಮಾಡುತ್ತದೆ. ಮಸಿನಗುಡಿ ರಸ್ತೆಯಲ್ಲಿ ಆನೆ ಎದುರಾದವರನ್ನು ನಾನು ಬಲ್ಲೆ. ಅವರಲ್ಲಿ ಯಾರೂ ನಮಸ್ಕಾರದ ವಿಷಯ ಹೇಳಿಲ್ಲ.

ಇವೆಲ್ಲ ಸಣ್ಣ ತಕರಾರು. ನನ್ನ ದೊಡ್ಡ ತಕರಾರು ಹೆಣಗಳ ಮೇಲೆ. ಸಿನಿಮಾದಲ್ಲಿ ಹೆಣಗಳು ಉಸಿರಾಡುತ್ತವೆ. ತೆರೆಯ ಮೇಲೆ ತಂದೆ ಸತ್ತಿರುತ್ತಾನೆ, ಮಗಳು ಎದೆ ಬಡಿದುಕೊಳ್ಳುತ್ತಾಳೆ, ಥಿಯೇಟರಿನಲ್ಲಿ ಎಲ್ಲರ ಮೂಗೂ ಸೊರಸೊರ ಎನ್ನುತ್ತದೆ. ನಾನು ತಂದೆಯ ಹೊಟ್ಟೆ ನೋಡುತ್ತಿರುತ್ತೇನೆ. ಅದು ಮೆಲ್ಲಗೆ ಏಳುತ್ತದೆ, ಮೆಲ್ಲಗೆ ಇಳಿಯುತ್ತದೆ. 'ಅಗೋ, ಆಡಿತು' ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ನನ್ನ ಹೆಂಡತಿ ಈಗ ಸಿನಿಮಾಕ್ಕೆ ಬಂದರೂ ಬೇರೆ ಸಾಲಿನಲ್ಲಿ ಕೂರುತ್ತಾಳೆ. ಜೊತೆಗೆ ಕೂತು ನಗುತ್ತಿದ್ದವನು ನನ್ನ ಅಣ್ಣ ಬೆಳ್ಳಣ್ಣ ಒಬ್ಬನೇ.

ಹೋದ ವರ್ಷ ನಮ್ಮ ಹಟ್ಟಿಗೆ ಒಂದು ತಮಿಳು ಸಿನಿಮಾದವರು ಬಂದರು. ಅವರಿಗೆ ನಮ್ಮ ಬಡಗರ ಸಾವಿನ ದೃಶ್ಯ ಬೇಕಾಗಿತ್ತು. ಬ್ಯಾಂಡು, ಬಿಳಿ ಮುಂಡಾಸಿನ ಗಂಡಸರು, ಹೆಣ ಮಲಗಿಸುವ ಕಟ್ಟಿಲು, ಅದರ ಸುತ್ತ ಹೆಂಗಸರು, ಎಲ್ಲ ನಮ್ಮಲ್ಲೇ ಸಿಕ್ಕಿತು. ಹೆಣವಾಗಬೇಕಿದ್ದ ಹಿರಿಯ ನಟ ಮಾತ್ರ ನಮ್ಮ ಚಳಿಗೆ ಹೆದರಿ ಹೋಟೆಲಿನಿಂದ ಹೊರಬರಲಿಲ್ಲ. ನಿರ್ದೇಶಕರು ಸುತ್ತ ಕಣ್ಣಾಡಿಸಿ ಅಣ್ಣನ ಮೀಸೆಯ ಕಡೆ ಬೆರಳು ಮಾಡಿದರು. 'ಬೇಡ. ಬದುಕಿದ್ದ ಆಳು ಸಾವಿನ ಕಟ್ಟಿಲಲ್ಲಿ ಮಲಗುವುದು ಒಳ್ಳೆದಿಲ್ಲೆ' ಎಂದು ಅತ್ತಿಗೆ ಅಡ್ಡ ನಿಂತಳು. ಅಣ್ಣ ಅವಳ ಮಾತು ಕೇಳುವ ಬದಲು ನನ್ನ ಕಡೆ ತಿರುಗಿದ. 'ಯಾವಾಗಲೂ ಹೆಣ ಉಸುರಾಡುತ್ತೆ ಎಂದು ನಗುವೆಯಲ್ಲ. ಇಂದು ನನ್ನ ನೋಡು. ಒಂದು ತಪ್ಪು ಹಿಡಿ, ನೋಡುವ' ಎಂದ. ನಾನೂ ಪರೀಕ್ಷಕನ ಗತ್ತಿನಲ್ಲಿ ಕ್ಯಾಮೆರಾದ ಪಕ್ಕ ಹೋಗಿ ನಿಂತೆ.

ಆಮೇಲೆ ಆದದ್ದು ನಮ್ಮ ಹಟ್ಟಿಯಲ್ಲಿ ಮಾತ್ರ ಆಗಬಹುದಾದ ಎಡವಟ್ಟು. ನಮ್ಮಲ್ಲಿ ಹೆಣ ಎತ್ತುವ ಮುಂಚೆ ಒಬ್ಬ ಹಿರಿಯ ನಿಂತು, ಸತ್ತವನು ಮಾಡಿರಬಹುದಾದ ಪಾಪಗಳನ್ನೆಲ್ಲ ಒಂದೊಂದಾಗಿ ಹೇಳಬೇಕು. ಪ್ರತಿಯೊಂದಕ್ಕೂ ಜನ ಅದು ಪಾಪ ಎಂದು ಒಪ್ಪಬೇಕು. ಹಾಗೆ ಹೇಳಿ ಮುಗಿಸಿದರೆ ಪಾಪ ಕಳೆದು ಅವನು ಹಗುರಾಗಿ ಹೋಗುತ್ತಾನೆ. ಈ ಕೆಲಸ ಜೋಗಿ ಅಜ್ಜನದು. ನಿರ್ದೇಶಕರು ನಾಲ್ಕು ಮಾತು ಹೇಳಿ ಸಾಕು ಎಂದಿದ್ದರು. ಅಜ್ಜ ಶುರುಮಾಡಿದ್ದೇ ತಡ, ನಿಜವಾದ ಸಾವೆಂದೇ ಅವನ ಬಾಯಿಗೆ ಅನ್ನಿಸಿತೋ ಏನೋ, ನಿಲ್ಲಲೇ ಇಲ್ಲ. 'ಪೋದುಂ ಅಯ್ಯಾ, ಪೋದುಂ' ಎಂದು ನಿರ್ದೇಶಕರು ತಮಿಳಿನಲ್ಲಿ ಸಾಕು ಸಾಕೆಂದು ಕೈಮುಗಿದರು. 'ನಡುವೆ ನಿಲ್ಲಿಸಿದರೆ ಅರ್ಧ ಪಾಪ ಇವನ ಮೇಲೆ ನಿಲ್ಲುತ್ತೆ. ನಿಂಗ ಕ್ಯಾಮೆರಾ ಮುಚ್ಚಿಕೊಳ್ಳಿ, ನಂಗ ಮುಗಿಸುತ್ತೇವೆ' ಎಂದ ಅಜ್ಜ. ಕ್ಯಾಮೆರಾ ನಿಂತಿತು, ದೀಪ ಆರಿತು, ಪಾಪಗಳು ಮುಂದುವರಿದವು. ಹಟ್ಟಿಯೆಲ್ಲ ಒಪ್ಪುತ್ತಾ ಹೋಯಿತು. ಅಣ್ಣ ಒಮ್ಮೆ ಒಂದು ಕಣ್ಣು ತೆರೆದು ನೋಡಿದ. ನಡುವೆ ಏಳುವುದು ಮರ್ಯಾದೆಯಲ್ಲ ಎಂದು ಮತ್ತೆ ಮುಚ್ಚಿಕೊಂಡ. ಎದ್ದವನೇ ಕೇಳಿದ್ದು, 'ಉಸುರು ಕಂಡಿತಾ?' ಚಿತ್ರೀಕರಣ ನಡೆದಷ್ಟು ಹೊತ್ತೂ ಅವನ ಹೊಟ್ಟೆ ಮಿಸುಕಿರಲಿಲ್ಲ. ಈ ಸಲ ತಪ್ಪಿಲ್ಲ ಎಂದು ಒಪ್ಪಿಕೊಂಡೆ. ಅವನು ಅಂದೆಲ್ಲ ಅದನ್ನೇ ಹೇಳಿಕೊಂಡು ತಿರುಗಿದ.

ಆ ಸಿನಿಮಾ ಬಿಡುಗಡೆಯಾಗುವ ಮೊದಲೇ ಅಣ್ಣ ಸತ್ತ. ಬೆಳಿಗ್ಗೆ ಮಂಜಿನಲ್ಲಿ ತೋಟಕ್ಕೆ ಹೋದವನಿಗೆ ಟೀ ಗಿಡಗಳ ಮಧ್ಯೆ ನಿಂತಿದ್ದ ಕಾಡುಕೋಣ ಕಾಣಲಿಲ್ಲ. ಆಸ್ಪತ್ರೆಯಿಂದ ಅವನನ್ನು ಬಟ್ಟೆಯಲ್ಲಿ ಸುತ್ತಿಯೇ ಕೊಟ್ಟರು. ಮುಖ ತೆರೆಯುವುದು ಬೇಡ ಎಂದು ಹೆಂಗಸರನ್ನು ತಡೆದವನು ನಾನೇ. ನಾನು ನೋಡಿದ್ದೆ. ಕಟ್ಟಿಲಿನ ಸುತ್ತ ನಿಂತಾಗ ಹಿರಿಯರಲ್ಲಿ ಒಂದು ಚರ್ಚೆ ಎದ್ದಿತು. ಇವನ ಪಾಪವನ್ನು ಸಿನಿಮಾದವರ ಮುಂದೆ ಆಗಲೇ ಹೇಳಿ ಕಳೆದಾಗಿದೆ, ಈಗ ಅಲ್ಲಿಂದೀಚೆಗಿನ ಪಾಪ ಮಾತ್ರ ಹೇಳಿದರೆ ಸಾಕಲ್ಲವೇ ಎಂದು ಒಬ್ಬರು ಕೇಳಿದರು. ಈಚೆಗೆ ಅವನು ಮಾಡಿದ್ದೇನು ಎಂದು ಯಾರಿಗೂ ಹೊಳೆಯಲಿಲ್ಲ. ಬೇರೆ ದಿನವಾಗಿದ್ದರೆ ಇದಕ್ಕೆ ಮೊದಲು ನಗುತ್ತಿದ್ದವನು ಅಣ್ಣನೇ. 'ಎಲ್ಲ ಹೇಳಿ. ಅಂದು ಅವರು ಬದುಕಿದ್ದರು' ಎಂದಳು ಅತ್ತಿಗೆ. ಅಜ್ಜ ಮೊದಲಿನಿಂದ ಹೇಳಿದ.

ಸಿನಿಮಾ ಬಂತು, ಚೆನ್ನಾಗಿ ಓಡಿತು. ನನ್ನನ್ನು ಕೇಳಿದರೆ ಕೆಟ್ಟ ಸಿನಿಮಾ. ನಾಯಕ ಕಾಡುಕೋಣವೊಂದನ್ನು ದಿಟ್ಟಿಸಿ ನೋಡಿ ಓಡಿಸುತ್ತಾನೆ. ಆ ದೃಶ್ಯಕ್ಕೆ ಊಟಿಯ ಥಿಯೇಟರೆಲ್ಲ ಚಪ್ಪಾಳೆ ಹೊಡೆಯುತ್ತಿದ್ದಾಗ ಅತ್ತಿಗೆ ನನ್ನ ಪಕ್ಕದಲ್ಲಿ ತಲೆತಗ್ಗಿಸಿ ಕೂತಿದ್ದಳು. ಅವಳು ಬಂದದ್ದು ಅಣ್ಣನ ಮುಖ ಒಂದು ಸಲ ಸರಿಯಾಗಿ ನೋಡುವುದಕ್ಕೆ. ಅಂದು ತಡೆದವನು ಇಂದೂ ಬೇಡವೆನ್ನುವುದು ಹೇಗೆ? ಕೊನೆಗೆ ಆ ದೃಶ್ಯ ಬಂತು. ಹಣೆಯ ಮೇಲೆ ನಾಣ್ಯ, ಕತ್ತಿನವರೆಗೆ ಶಾಲು, ಬಾಚಿದ ಮೀಸೆ. ಅಭ್ಯಾಸಬಲದಿಂದ ನನ್ನ ಕಣ್ಣು ಹೊಟ್ಟೆಗೆ ಹೋಯಿತು. ಏಳಲಿಲ್ಲ. ಮೂಗಿನ ಹೊಳ್ಳೆ ನೋಡಿದೆ, ಕುತ್ತಿಗೆ ನೋಡಿದೆ. ಜೀವಮಾನದಲ್ಲಿ ಮೊದಲ ಸಲ ಒಂದು ಹೆಣ ಉಸಿರಾಡಲಿ ಎಂದು ಬೇಡಿಕೊಂಡೆ. ನಾನು ನೋಡಿದ ಯಾವ ಭಾಷೆಯ ಸಿನಿಮಾದಲ್ಲೂ ಇಂಥ ಪಕ್ಕಾ ಹೆಣ ಇರಲಿಲ್ಲ. ಅಷ್ಟರಲ್ಲಿ ನಾಯಕಿ ಅಡ್ಡ ಬಂದು ಬಿದ್ದು ಅತ್ತಳು.

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. 'ಕಣ್ಣೀರಲ್ಲಿ ಎನಗೆ ಒಂದೂ ತೋರಲಿಲ್ಲೆ. ನೀ ನೋಡಿದೆಯಲ್ಲ, ನಿನ್ನ ಕಣ್ಣಿಗೆ ತಪ್ಪದು. ಉಸುರಾಡಿದರಾ?'

'ಆಡಿದ' ಎಂದೆ.

'ಎಲ್ಲಿ?'

'ಶಾಲಿನ ಅಂಚು. ಕುತ್ತಿಗೆಯ ಹತ್ತಿರ ಒಂದು ಸಲ ಎದ್ದು ಇಳಿಯಿತು.'

ಅವಳು ನಕ್ಕಳು. ಅಣ್ಣ ಹೋದಮೇಲೆ ಅವಳು ನಕ್ಕದ್ದು ನಾನು ನೋಡಿರಲಿಲ್ಲ. 'ಬೀಡಿ ಸೇದುವ ಆಳು, ಅಷ್ಟು ಹೊತ್ತು ಹೆಂಗೆ ಹಿಡಿದಾರು' ಎಂದಳು.

ಈಗ ಆ ಸಿನಿಮಾ ಎಲ್ಲರ ಮೊಬೈಲಿನಲ್ಲೂ ಇದೆ. ಅತ್ತಿಗೆ ಶಾಲಿನ ಅಂಚಿನ ವಿಷಯವನ್ನು ಹಟ್ಟಿಗೆಲ್ಲ ಹೇಳಿಬಿಟ್ಟಿದ್ದಾಳೆ. ಜನ ನಿಲ್ಲಿಸಿ, ಹಿಗ್ಗಿಸಿ, ಹಿಂದೆ ಮುಂದೆ ಓಡಿಸಿ ನೋಡುತ್ತಾರೆ, ಏನೂ ಕಾಣದೆ ನನ್ನ ಬಳಿ ಬರುತ್ತಾರೆ. ನಾನು ಬೆರಳಿಟ್ಟು ತೋರಿಸಿ, ಕಣ್ಣಿಲ್ಲದವರಿಗೆ ನಾನೇನು ಮಾಡಲಿ ಎಂದು ರೇಗುತ್ತೇನೆ. ನನ್ನ ಕಣ್ಣು ಹೋಯಿತೆಂದು ಈಗ ಎಲ್ಲರಿಗೂ ಖಾತ್ರಿಯಾಗಿದೆ. ನಾಲಗೆಯ ಗತಿಯೇನೆಂದು ಫ್ಯಾಕ್ಟರಿಯಲ್ಲೂ ಗುಸುಗುಸು ಎದ್ದಿದೆ. ಮೊನ್ನೆ ಜೋಗಿ ಅಜ್ಜನೂ ಬಂದ. ಮೊಬೈಲನ್ನು ಮೂಗಿಗೆ ತಾಗಿಸಿಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ನನ್ನನ್ನೂ ಅಷ್ಟೇ ಹೊತ್ತು ನೋಡಿದ.

'ನಿನ್ನ ಸಾವಿನಲ್ಲಿ ಈ ಪಾಪವನ್ನೂ ಸೇರಿಸಿ ಹೇಳಬೇಕಾ, ಬಿಡಬೇಕಾ?' ಎಂದು ಮೆಲ್ಲಗೆ ಕೇಳಿದ. ನನಗಿಂತ ಮುಂಚೆ ತಾನು ಹೋಗಬಹುದೆಂಬ ಯೋಚನೆ ಅವನಿಗೆ ಬಂದಂತೆ ಕಾಣಲಿಲ್ಲ.

'ಹೇಳು ಅಜ್ಜಾ' ಎಂದೆ. 'ಆದರೆ ಅತ್ತಿಗೆಗೆ ಕೇಳದ ಹಾಗೆ ಹೇಳು.'