ಒಂಟಿ ಕಾಲುಂಗುರ

ನಿರಪರಾಧಿಯ ದೊಡ್ಡ ಕಷ್ಟವೆಂದರೆ ಅವನ ಬಳಿ ಉತ್ತರ ತಯಾರಿರುವುದಿಲ್ಲ. ತಪ್ಪು ಮಾಡಿದವನು ದಾರಿಯಲ್ಲೇ ಒಂದು ಕಥೆ ಹೊಸೆದುಕೊಂಡು ಬಂದಿರುತ್ತಾನೆ. ನಾನಾದರೋ ಅಂದು ಸಂಜೆ ಟ್ರಾಮಿನಲ್ಲಿ ಕಿಟಕಿಯಾಚೆ ಮಳೆ ನೋಡುತ್ತ, ಏನೂ ಯೋಚಿಸದೆ ನ್ಯೂವೆಗೈನ್ ಎಂಬ ಡಚ್ ಊರಿನ ನಮ್ಮ ಮನೆ ಸೇರಿದೆ. ಒದ್ದೆ ಕೋಟನ್ನು ಹೀಟರ್ ಮೇಲೆ ಹರವಲು ಹೋದ ಹೆಂಡತಿ ಸುಮಾ ಅದರ ಜೇಬಿನಿಂದ ಒಂದು ಬೆಳ್ಳಿಯ ಉಂಗುರ ತೆಗೆದು ಬೆಳಕಿಗೆ ಹಿಡಿದಳು.

"ರೀ, ಯಾರದಿದು ಕಾಲುಂಗುರ?"

ಮೈಸೂರಿನ ನಮ್ಮ ಮನೆಗಳಲ್ಲಿ ಚಿನ್ನ ಕೈಗೆ, ಬೆಳ್ಳಿ ಕಾಲಿಗೆ. ಕಾಲುಂಗುರ ಎಂದಮೇಲೆ ಅದರ ಹಿಂದೆ ಮದುವೆಯಾದ ಒಬ್ಬ ಹೆಂಗಸು ಇರಲೇಬೇಕು. ಸಾಲದ್ದಕ್ಕೆ ಆ ಉಂಗುರದ ಸುತ್ತ ಒಂದೇ ಎಳೆ ಮೇಲೆ ಕೆಳಗೆ ಹೆಣೆದುಕೊಂಡು, ಮೊದಲೂ ಕೊನೆಯೂ ಸಿಗದಂತೆ ಓಡಿತ್ತು.

"ಎಳೆ ರಂಗೋಲಿ ಡಿಸೈನು. ನಮ್ಮ ಕಡೆಯವಳೇ," ಎಂದಳು ಸುಮಾ. "ಜೋಡಿ ಇನ್ನೊಂದೆಲ್ಲಿ?"

ನಾನು ಕಂಡದ್ದನ್ನು ಕಂಡಂತೆ ಹೇಳುವ ಮನುಷ್ಯ. ಕ್ರಮವಾಗಿ ಹೇಳಿದೆ: ಬೆಳಿಗ್ಗೆ ಕೋಟನ್ನು ಆಫೀಸಿನ ಗೂಟಕ್ಕೆ ಹಾಕಿದೆ, ಕಿಟಕಿಯ ಪಕ್ಕದ್ದು; ಸಂಜೆ ಅಲ್ಲಿಂದಲೇ ತೆಗೆದೆ; ಟ್ರಾಮಿನಲ್ಲಿ ಪಕ್ಕ ಕೂತಿದ್ದವರು ಒಬ್ಬ ಡಚ್ ಅಜ್ಜಿ, ಕಂದು ಬೂಟು ಹಾಕಿದ್ದರು.

"ಅಜ್ಜಿ ಕಾಲು ಬೇರೆ ನೋಡಿದ್ರಾ?"

ವಿವರ ಹೆಚ್ಚಿದಷ್ಟೂ ನನಗೇ ನನ್ನ ಮೇಲೆ ಅನುಮಾನ ಬರತೊಡಗಿತು. ಸುಮಾ ಉಂಗುರವನ್ನು ತನ್ನ ಕಾಲಿನ ಎರಡನೆಯ ಬೆರಳಿಗೆ ತೊಟ್ಟು ನೋಡಿದಳು. ಸಡಿಲ. "ಎಂಥಾ ಕಾಲಪ್ಪಾ ಆ ಮಹಾತಾಯಿದು!" ಎನ್ನುತ್ತ ಹೆಬ್ಬೆರಳಿಗೆ ಒತ್ತಿದಳು. ಅಲ್ಲಿ ಸಿಕ್ಕಿಕೊಂಡಿತು. ನಾನು ಕೊಬ್ಬರಿ ಎಣ್ಣೆ ತಂದರೆ, "ಬೇಡ, ಇರಲಿ ಸಾಕ್ಷಿ," ಎಂದು ಕುಂಟುತ್ತ ಒಳಗೆ ಹೋದಳು.

ಮರುದಿನ ಆಫೀಸಿನ ಬಾಗಿಲಲ್ಲೇ ಐರಿಶ್ ಸಹೋದ್ಯೋಗಿ ಶಾನ್ ಕಾಯುತ್ತಿದ್ದ. ಅವನ ಕೈಯಲ್ಲಿ ನನ್ನದರಂಥದೇ ಕಡುನೀಲಿ ಕೋಟು. ಅಲ್ಲ, ನನ್ನದೇ ಕೋಟು, ನನ್ನ ಮೈಮೇಲಿದ್ದದ್ದು ಅವನದು; ಹಿಂದಿನ ದಿನ ಒಂದೇ ಗೂಟಕ್ಕೆ ಎರಡೂ ಬಿದ್ದಿದ್ದವು. ನನ್ನ ಜೇಬಿನಲ್ಲಿ ಅಮ್ಮ ಕಳಿಸಿದ್ದ ವಿಭೂತಿಯ ಪೊಟ್ಟಣವಿತ್ತು. ಇಲ್ಲಿ ತೀರಿಕೊಂಡವರ ಬೂದಿಯನ್ನು ಮನೆಯಲ್ಲಿಟ್ಟುಕೊಳ್ಳುವವರುಂಟು. ಶಾನ್‌ನ ಹೆಂಡತಿ "ಯಾರದಿದು ಬೂದಿ?" ಎಂದು ಗಾಬರಿಯಾಗಿ, ಪೊಟ್ಟಣವನ್ನು ಕಿಟಕಿಯಲ್ಲಿಟ್ಟು ಮೇಣದಬತ್ತಿ ಹಚ್ಚಿದ್ದಳಂತೆ. "ತೀರಾ ಹತ್ತಿರದವರಾ?" ಎಂದು ಅವನು ನನ್ನ ಭುಜ ಹಿಡಿದ. ಆಮೇಲೆ ಮೆಲ್ಲಗೆ ತನ್ನ ಉಂಗುರ ಕೇಳಿದ. ಅವರ ಕಡೆಯ ಹಳೆಯ ಕೆಲ್ಟಿಕ್ ಹೆಣಿಗೆಯದು, ನಮ್ಮ ಎಳೆ ರಂಗೋಲಿಯಂತೆಯೇ; ಅಜ್ಜಿ ಕೊಟ್ಟದ್ದು; ಚಳಿಗೆ ಕೈಬೆರಳಿನಿಂದ ಜಾರುತ್ತದೆಂದು ಜೇಬಿಗೆ ಹಾಕಿದ್ದನಂತೆ.

ಮನೆಗೆ ಫೋನ್ ಮಾಡಿ ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಆ ಕಡೆ ಕಪಾಟಿನ ಬಾಗಿಲುಗಳು ತೆರೆದು ಮುಚ್ಚಿದ ಸದ್ದು.

"ರೀ... ಎಣ್ಣೆ ಎಲ್ಲಿಟ್ರಿ?"

ಮಾರನೆಯ ದಿನ ಶಾನ್ ಉಂಗುರವನ್ನು ಕೈಗೆ ತೆಗೆದುಕೊಂಡು, ಅಜ್ಜಿಯನ್ನು ನೆನೆದು ಕಣ್ಣು ಮುಚ್ಚಿ, ಅದಕ್ಕೆ ದೀರ್ಘವಾಗಿ ಮುತ್ತಿಟ್ಟ. ನಾನು ಗೋಡೆ ನೋಡಿದೆ. "ಏನೋ ಕೊಬ್ಬರಿಯ ವಾಸನೆ," ಎಂದ.

"ನಮ್ಮ ಕಡೆ ಬೆಳ್ಳಿಗೆ ಅದೇ ಪಾಲಿಶ್," ಎಂದೆ, ತಡವರಿಸದೆ.

ಉತ್ತರ ಟ್ರಾಮಿನಲ್ಲೇ ತಯಾರಾಗಿತ್ತು.