ಮಡಕೆ ಚೂರಿನ ಮತ

ಮನೆಯಲ್ಲಿ ಪ್ರಜಾಪ್ರಭುತ್ವ ಇರಬೇಕು ಎಂದು ಭಾಷಣ ಬಿಗಿಯುವ ಗಂಡಸು, ಗೆಲ್ಲುವುದು ತಾನೇ ಎಂಬ ಧೈರ್ಯದಿಂದಲೇ ಬಿಗಿಯುತ್ತಾನೆ. ನಾನೂ ಅದೇ ಪೈಕಿ. ಪರ್ತ್‌ನ ಪಿಯಾರಾ ವಾಟರ್ಸ್ ಬಡಾವಣೆಯಲ್ಲಿ ಮನೆ. ವಿಮಾನ ಹತ್ತಿ ಹೋಗಬೇಕಾದಷ್ಟು ದೂರದ ಕಬ್ಬಿಣದ ಗಣಿಯಲ್ಲಿ ಭೂವಿಜ್ಞಾನಿಯ ಕೆಲಸ. ಎರಡು ವಾರ ಗಣಿ, ಒಂದು ವಾರ ಮನೆ. ಹೀಗಾಗಿ ನಾನು ಹೆಂಡತಿ ಸುಮಾಳಿಗೆ ಗಂಡನೋ ನೆಂಟನೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

ನೆಂಟನಾಗಿದ್ದರೆ ತೆಪ್ಪಗೆ ತಿಂದು ಹೋಗುತ್ತಿದ್ದೆ. ಆದರೆ ನನ್ನ ಕೈ ಸುಮ್ಮನಿರಬೇಕಲ್ಲ! ಗಣಿಯಲ್ಲಿ ಬೆಳಗ್ಗೆ ಕೆಲಸ ಶುರುವಾಗುವ ಮುಂಚೆ ಸುರಕ್ಷತಾ ಸಭೆ ನಡೆಸುತ್ತೇವೆ. ಆ ಚಾಳಿ ಮನೆಗೂ ಬಂದು, ಸುಮಾ ದೋಸೆ ಹುಯ್ಯುವ ಮುಂಚೆ ಕಾದ ಕಾವಲಿಯ ಅಪಾಯಗಳ ಬಗ್ಗೆ ಎರಡು ಮಾತಾಡುತ್ತಿದ್ದೆ. ಕಳೆದ ಸಲವಂತೂ ಅಡುಗೆಮನೆಯ ಡಬ್ಬಗಳನ್ನೆಲ್ಲ ಕಲ್ಲಿನ ಮಾದರಿಗಳಂತೆ ಕಾಳಿನ ಗಾತ್ರದ ಪ್ರಕಾರ ಜೋಡಿಸಿ, ಹೆಸರಿನ ಬದಲು ನಂಬರಿನ ಚೀಟಿ ಅಂಟಿಸಿದೆ. ಗಸಗಸೆ, ಸಾಸಿವೆ, ಮೆಂತ್ಯ, ಕಡಲೆ. ವೈಜ್ಞಾನಿಕವಾಗಿ ತಪ್ಪೇನೂ ಇರಲಿಲ್ಲ. ಉಪ್ಪು, ಸಕ್ಕರೆ ಹೆಚ್ಚುಕಡಿಮೆ ಒಂದೇ ಗಾತ್ರವೆಂದು ಪಕ್ಕಪಕ್ಕ ಕೂತದ್ದು, ಮೈಸೂರಿನಿಂದ ಬಂದಿದ್ದ ಅತ್ತೆಯವರ ಪಾಯಸ ಉಪ್ಪುಪ್ಪಾದದ್ದು ಕೇವಲ ಆಕಸ್ಮಿಕ.

ಈ ಸಲ ಸಿಹಿ ಸುದ್ದಿಯೊಂದನ್ನು ಹೊತ್ತು ತಂದಿದ್ದೆ. ಕಂಪನಿಯ ಪರ್ತ್ ಕಚೇರಿಯಲ್ಲೇ ಕೆಲಸ ಕೊಡುತ್ತಾರಂತೆ, ದಿನಾ ಸಂಜೆ ಮನೆ ಸೇರಬಹುದು. ಸೋಮವಾರದೊಳಗೆ ಒಪ್ಪಿಗೆ ತಿಳಿಸಬೇಕು. ಕೇಳಿದರೆ ಕುಣಿದಾಡುತ್ತಾರೆಂದು ಭಾನುವಾರ ಮಧ್ಯಾಹ್ನ ಎಲ್ಲರನ್ನೂ ಹಿತ್ತಿಲಿಗೆ ಕರೆದೆ. ಬಾಯಿ ತೆರೆಯುವಷ್ಟರಲ್ಲಿ ಏಳನೇ ಕ್ಲಾಸಿನ ಮಗಳು ಅನಘಾ ಒಡೆದ ಹೂಕುಂಡದ ಚೂರುಗಳನ್ನು ಹಿಡಿದು ಬಂದಳು. ಶಾಲೆಯಲ್ಲಿ ಪ್ರಾಚೀನ ಗ್ರೀಕರ ಪಾಠವಂತೆ. ಅಥೆನ್ಸಿನ ಜನ, ಊರಲ್ಲಿ ಯಾರಾದರೂ ತೀರಾ ಮೆರೆಯುತ್ತಿದ್ದಾನೆ ಅನ್ನಿಸಿದರೆ, ಅವನ ಹೆಸರನ್ನು ಮಡಕೆ ಚೂರಿನ ಮೇಲೆ ಗೀಚಿ ಹಾಕುತ್ತಿದ್ದರಂತೆ. ಹೆಚ್ಚು ಚೂರು ಬಿದ್ದವನು ಹತ್ತು ವರ್ಷ ಊರು ಬಿಡಬೇಕು.

"ಎಂಥಾ ನಾಗರಿಕತೆ! ನಾವೂ ಮಾಡೋಣ" ಎಂದೆ. ಹಾಗೆ ಅಂದವನು ನಾನೇ, ಯಾರನ್ನೂ ದೂರುವಂತಿಲ್ಲ. ಸೀಮೆಸುಣ್ಣದಲ್ಲಿ ನನ್ನ ಚೂರಿನ ಮೇಲೆ ಅತ್ತೆಯವರ ಹೆಸರು ಬರೆದೆ. ತಮಾಷೆಗೆ.

ಅನಘಾ ಎಣಿಸಿದಳು. ಅಜ್ಜಿಗೆ ಒಂದು, ಅಪ್ಪನಿಗೆ ಮೂರು. ಆ ಒಂದು ಯಾರದೆಂದು ಹೇಳಬೇಕಾಗಿರಲಿಲ್ಲ. ಅತ್ತೆಯವರು ಕನ್ನಡಕ ಸರಿಪಡಿಸಿಕೊಂಡು ನನ್ನನ್ನೇ ನೋಡಿದರು.

ನಕ್ಕುಬಿಡಬೇಕೆಂದರೂ ನಗು ಬರಲಿಲ್ಲ. ಒಂದು ವಾರ ಇದ್ದು ಹೋಗುವವನನ್ನೇ ಓಡಿಸುವ ಜನ, ಇನ್ನು ಮೇಲೆ ದಿನಾ ಬರುತ್ತೇನೆ ಅಂದರೆ ಏನು ಗತಿ? "ನಂಗೂ ಎರಡು ಮಾತಾಡೋಕೆ ಬಿಡಿ" ಎಂದೆ.

"ನೋ ಸ್ಪೀಚಸ್, ಅಪ್ಪಾ. ದಟ್ಸ್ ದ ರೂಲ್" ಎಂದಳು ಮಗಳು. ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, ಗಡೀಪಾರಾದವನ ಮನೆ, ಹೊಲ ಯಾವುದನ್ನೂ ಕಿತ್ತುಕೊಳ್ಳುತ್ತಿರಲಿಲ್ಲ ಎಂದು ಸಮಾಧಾನ ಹೇಳಿದಳು.

ತಡೆಯಲಾರದೆ ಕೆಲಸದ ವಿಷಯ ಹೇಳಿಬಿಟ್ಟೆ. ಬೇಡವೆಂದರೆ ಗಣಿಯಲ್ಲೇ ಇರುತ್ತೇನೆ ಎಂದೂ ಸೇರಿಸಿದೆ.

"ದಿನಾ ಬರ್ತೀರಾ? ನಿಜವಾಗ್ಲೂ?" ಎಂದ ಸುಮಾಳ ಕಣ್ಣು ತುಂಬಿತ್ತು. "ನಾವು ಹೋಗಿ ಅಂದಿದ್ದು ಅಡುಗೆಮನೆಯಿಂದ ರೀ, ಮನೆಯಿಂದ ಅಲ್ಲ. ನೀವಿಲ್ಲದಾಗ ದಿನ ಎಣಿಸ್ತೀನಿ, ಬಂದ್ಮೇಲೆ ಡಬ್ಬ ಹುಡುಕ್ತೀನಿ. ನನ್ನ ಬಾಳೇ ಇಷ್ಟಾಗ್ಬಿಟ್ಟಿದೆ."

ಅಷ್ಟು ಸಂತೋಷ ನನಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ.

ಅತ್ತೆಯವರು ತೀರ್ಪು ಕೊಟ್ಟರು: "ಹತ್ತು ವರ್ಷ ಅಡುಗೆಮನೆಗೆ ಕಾಲಿಡೋ ಹಾಗಿಲ್ಲ, ಅಳಿಯಂದ್ರೇ. ಕೂತಲ್ಲಿಗೇ ದೋಸೆ ಬರುತ್ತೆ."

ತಲೆ ತಗ್ಗಿಸಿ ಶಿಕ್ಷೆ ಒಪ್ಪಿಕೊಂಡೆ. ಒಳಗೊಳಗೇ, ಆ ಗ್ರೀಕರ ಹೊಟ್ಟೆ ತಣ್ಣಗಿರಲಿ ಎಂದು ಹರಸಿದೆ. ನನ್ನ ಹಿಗ್ಗು ಮುಖದಲ್ಲಿ ಕಂಡಿತೇನೋ, ಬಟ್ಟೆ ಒಗೆಯುವ ಕೋಣೆಯಲ್ಲೂ ಒಂದು ದೊಡ್ಡ ಸಿಂಕ್ ಇದೆಯೆಂದು ಸುಮಾ ನೆನಪಿಸಿದಳು. ಅದು ಅಡುಗೆಮನೆಯ ಗಡಿಯಾಚೆಗಿದೆ.

ಈಗ ದಿನಾ ಸಂಜೆ ಮನೆಗೆ ಬರುತ್ತೇನೆ. ಕೂತಲ್ಲಿಗೇ ಬಿಸಿ ದೋಸೆ ಬರುತ್ತದೆ. ಹಿಂದೆಯೇ ಮುಸುರೆ ತಟ್ಟೆ, ಸೌಟು, ಕಾವಲಿಗಳೂ ಬರುತ್ತವೆ.