ಕಥೆಯೊಳಗಿನ ಹುಳಿ

ಮಾಸ್ತರರಿಲ್ಲದೆ ಓದುವುದರಲ್ಲಿ ಒಂದು ದೊಡ್ಡ ಕಷ್ಟವಿದೆ: ತಪ್ಪಾದಾಗ ಬೈಯಲು ಯಾರೂ ಸಿಗುವುದಿಲ್ಲ. ಕಲಬುರಗಿಯ ನಮ್ಮ ಇಂಗ್ಲಿಷ್ ಶಾಲೆಯಲ್ಲಿ ಇಂಗ್ಲಿಷ್ ಸಾಹಿತ್ಯದ ಬದಲು ಮನೆಮಾತಿನ ಸಾಹಿತ್ಯವನ್ನು ಸ್ವಂತವಾಗಿ ಓದಿ ಪರೀಕ್ಷೆ ಕೊಡಬಹುದು. ಕನ್ನಡಕ್ಕೆ ಕೈಯೆತ್ತಿದವನು ನಾನೊಬ್ಬನೇ. ಭಾಷಾಪ್ರೇಮ ಎಂದು ಹೇಳಿಕೊಳ್ಳಬಹುದು. ನಿಜವೆಂದರೆ, ಇಂಗ್ಲಿಷ್ ಸಾಹಿತ್ಯದ ಸರ್ ಮೂಗಿನಲ್ಲಿ ಮಾತಾಡುವುದನ್ನು ನಾನು ಅಣಕಿಸಿ ತೋರಿಸುತ್ತಿದ್ದಾಗ ಅವರು ನನ್ನ ಹಿಂದೆಯೇ ನಿಂತಿದ್ದರು. ಆಮೇಲೆ ಆ ತರಗತಿಯಲ್ಲಿ ಕೂರುವ ಧೈರ್ಯ ನನಗೆ ಉಳಿಯಲಿಲ್ಲ.

ಪರೀಕ್ಷೆ ಎಂದರೆ ಒಂದು ಕಥೆಯ ಬಗ್ಗೆ ಹತ್ತು ನಿಮಿಷ ಮಾತಾಡಬೇಕು. ಶಾಲೆಯವರು ಅದನ್ನು ರೆಕಾರ್ಡ್ ಮಾಡಿ ಯಾವುದೋ ಊರಿನ ಪರೀಕ್ಷಕರಿಗೆ ಕಳಿಸುತ್ತಾರೆ. ಒಂದೇ ಅವಕಾಶ, ಕೆಟ್ಟರೆ ವರ್ಷವೇ ಹೋಯಿತು. ನಾನು ಆರಿಸಿಕೊಂಡದ್ದು ಮೈಸೂರು ಕಡೆಯ ಗಂಡಹೆಂಡಿರ ಕಥೆ. ಅದರಲ್ಲಿ ಹೆಂಡತಿ ಮೂರು ಸಲ, ಒಂದು ಮಾತೂ ಆಡದೆ, ಗಂಡನಿಗೆ ಹುಳಿ ಬಡಿಸುತ್ತಾಳೆ. ಓದಿ ನನ್ನ ಮೈ ಜುಮ್ಮೆಂದಿತು. ಹುಳಿತುಹೋದ ದಾಂಪತ್ಯವನ್ನೇ ಆಕೆ ಅವನ ತಟ್ಟೆಗೆ ಹಾಕುತ್ತಿದ್ದಾಳೆ, ಇದು ಮಹಾ ಸಂಕೇತ ಎಂದು ಎಂಟು ಪುಟ ಬರೆದೆ. ಮನೆಯಲ್ಲಿ ಓದಿ ಹೇಳಿದಾಗ ಅವ್ವ ರೊಟ್ಟಿ ಬಡಿಯುತ್ತಲೇ, “ಬರೀ ಹುಣಸಿ ಹುಳಿ ಹಾಕಿದ್ರ ಅಂವ ಹ್ಯಾಂಗ ಸುಮ್ನ ಉಂಡಾನೋ?” ಎಂದಳು. ಪಾಪ, ಅವ್ವನಿಗೆ ಸಂಕೇತ ತಿಳಿಯದು ಎಂದು ಕ್ಷಮಿಸಿದೆ.

ರೆಕಾರ್ಡಿಂಗಿನ ಹಿಂದಿನ ಸಂಜೆ ಶಾಲೆ ಮುಗಿಸಿ ನಮ್ಮೂರು ಕಮಲಾಪುರದ ಬಸ್ಸು ಹತ್ತಿದೆ. ಟಿವಿಯ ಪಂಡಿತರ ಗಂಭೀರ ಧ್ವನಿಯನ್ನು ಎರವಲು ಪಡೆದು ಎಂಟು ಪುಟವನ್ನೂ ಗೊಣಗುತ್ತಿದ್ದೆ. ಮಹಾಗಾಂವ ದಾಟಿದರೂ ನಿಲ್ಲಿಸಲಿಲ್ಲ. ಮುಂದಿನ ಸೀಟಿನಲ್ಲಿ, ತುಮಕೂರಿನಿಂದ ವರ್ಗವಾಗಿ ನಮ್ಮೂರಿಗೆ ಬಂದಿರುವ ಬ್ಯಾಂಕಿನ ಮೇಡಂ ಇದ್ದರು. ಎಷ್ಟು ಹೊತ್ತು ಸಹಿಸಿದರೋ ಏನೋ, ತಿರುಗಿ ಕಥೆ ಏನೆಂದು ಕೇಳಿದರು. ಹೇಳಿದೆ.

“ಹುಳಿ ಅಂದ್ರೆ ನಮ್ಮ ಕಡೆ ಸಾಂಬಾರ್ ಕಣಪ್ಪ. ಅವಳು ಊಟ ಬಡಿಸ್ತಿದಾಳೆ, ಅಷ್ಟೇ.”

“ಮೂರೂ ಸಲ ಸಾಂಬಾರೇ ಏನ್ರೀ?”

“ಮೂರು ಸಲ ಹಾಕಿಸ್ಕೊಂಡಿದಾನೆ ಅಂದ್ರೆ ಅವನಿಗೆ ರುಚಿ ಹತ್ತಿದೆ.”

ಹೊಟ್ಟೆತುಂಬ ಉಣ್ಣುತ್ತಿದ್ದ ಸಂಸಾರಕ್ಕೆ ನಾನು ಎಂಟು ಪುಟದ ವಿಚ್ಛೇದನ ಕೊಡಿಸಿದ್ದೆ.

ಮರುದಿನ ಶಾಲೆಯಲ್ಲಿ ನಮ್ಮ ಪರೀಕ್ಷೆಗಳ ಸಂಯೋಜಕಿ ರೆಕಾರ್ಡರಿನ ಗುಂಡಿ ಒತ್ತಿದರು. ಅವರು ಕೇರಳದವರು, ಕನ್ನಡ ಬಾರದು. ಪಂಡಿತರ ಧ್ವನಿಗಾಗಿ ಗಂಟಲು ಸರಿಮಾಡಿಕೊಂಡೆ, ಬರಲಿಲ್ಲ. ಬಂದದ್ದು ನಮ್ಮ ಮನೆಯ ಮಾತು. “ನಾ ಈ ಕಥಿ ತಪ್ಪ್ ಓದಿದ್ದೆ ರೀ. ಆಕಿ ಮುನಿಸ್ಕೊಂಡಾಳ ಅಂತ ತಿಳಿದಿದ್ದೆ. ಆಕಿ ಅವನ ತಾಟು ನೋಡ್ಕೋತ ಕುಂತಿದ್ಲು, ಖಾಲಿ ಆದ ಕೂಡ್ಲೇ ನೀಡ್ತಿದ್ಲು. ಮಾತು ಯಾಕ ಬೇಕ್ರೀ ಅದಕ್ಕ?” ಹೀಗೇ ಹತ್ತು ನಿಮಿಷ ಅವರಿಬ್ಬರನ್ನೂ ಒಂದುಗೂಡಿಸಿದೆ. ಅರ್ಥವಾಗದಿದ್ದರೂ ನನ್ನ ತಾಲೀಮುಗಳನ್ನೆಲ್ಲ ಕೇಳಿದ್ದ ಸಂಯೋಜಕಿ, ನಿನ್ನೆಯ ಧ್ವನಿಯಲ್ಲಿ ಸಾಹಿತ್ಯ ಜಾಸ್ತಿ ಇತ್ತು ಎಂದು ನಿಟ್ಟುಸಿರಿಟ್ಟರು.

ಫಲಿತಾಂಶ ಇನ್ನೂ ಬಂದಿಲ್ಲ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಪರೀಕ್ಷಕರು ಮೈಸೂರಿನವರಾದರೆ ಚಿಂತೆಯಿಲ್ಲ. ನಮ್ಮ ಕಡೆಯವರೇ ಆಗಿದ್ದು, ಹುಳಿ ಎಂದರೆ ಹುಳಿಯೇ ಎಂದು ನಂಬಿದ್ದರೆ, ಇಷ್ಟು ಚಂದದ ಸಂಕೇತ ಇವನ ಕಣ್ಣಿಗೇ ಬೀಳಲಿಲ್ಲವಲ್ಲ ಎಂದು ನನ್ನನ್ನು ಫೇಲ್ ಮಾಡುತ್ತಾರೆ.